ಹೊಸ ಡೆಸ್ಕ್‌ಟಾಪ್‌ಗೆ ಬಿಡಿಭಾಗ ಆರಿಸುವುದು ಹೇಗೆ: ಪೂರ್ತಿ ಹೆಸರು ಓದಿ, ಆಮೇಲೆ ದುಡ್ಡು ಕೊಡಿ

"ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್." ಡೆಸ್ಕ್‌ಟಾಪ್ ಕೊಳ್ಳಲು ಹೊರಟವರ ಕೈಗೆ ಬರುವ ಪಟ್ಟಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಓದಿದರೆ ಎಲ್ಲ ಇದೆ ಅನ್ನಿಸುತ್ತದೆ. ಆದರೆ ಮುಖ್ಯವಾದದ್ದು ಯಾವುದೂ ಇದರಲ್ಲಿಲ್ಲ. 2011ರಲ್ಲಿ ಬಂದ ಐ5-2400 ಕೂಡ ಐ5, 2024ರಲ್ಲಿ ಬಂದ ಐ5-14400 ಕೂಡ ಐ5. ಮೊದಲನೆಯದರಲ್ಲಿ 4 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ), ಎರಡನೆಯದರಲ್ಲಿ 10. ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವೂ ಇಲ್ಲ. 16 ಜಿಬಿ ಅಂದರೆ ಒಂದೇ ಸ್ಟಿಕ್ಕಾ, ಎರಡಾ? ಎಸ್‌ಎಸ್‌ಡಿ ಯಾವ ಬಗೆಯದು? ಗ್ರಾಫಿಕ್ಸ್ ಕಾರ್ಡಿನ ಹೆಸರೇನು? ಪವರ್ ಸಪ್ಲೈ ಬಗ್ಗೆಯಂತೂ ಮಾತೇ ಇಲ್ಲ.

ಹಾಗಾಗಿ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು, ಕೊನೆಯ ಅಕ್ಷರದ ಸಮೇತ, ಕೈಗೆ ಬರುವವರೆಗೆ ಯಾವುದಕ್ಕೂ ಹೂಂ ಅನ್ನಬೇಡಿ. ಹೆಸರು ಸಿಕ್ಕ ಮೇಲೆ ಅದನ್ನು ಹೇಗೆ ಓದಬೇಕು, ಯಾವುದಕ್ಕೆ ಯಾವುದು ಹೊಂದುತ್ತದೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಹಂತ 1: ಈಗಿನ ಕಂಪ್ಯೂಟರ್ ಎಲ್ಲಿ ಸಿಕ್ಕಿಬೀಳುತ್ತಿದೆ ಎಂದು ನೋಡಿ

ಮುಂದಿನ ನಾಲ್ಕೈದು ವರ್ಷ ಏನೇನು ಮಾಡುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಫ್ಟ್‌ವೇರ್‌ಗಳ, ಗೇಮ್‌ಗಳ ಹೆಸರು ಸಮೇತ. "ಎಲ್ಲದಕ್ಕೂ ಬೇಕು" ಅಂತ ಬರೆದರೆ ಆಯ್ಕೆಗೆ ದಾರಿ ಸಿಗುವುದಿಲ್ಲ.

ಈಗಾಗಲೇ ಒಂದು ಕಂಪ್ಯೂಟರ್ ಇದ್ದರೆ ಇನ್ನೂ ಒಳ್ಳೆಯ ಸುಳಿವು ಅದರಲ್ಲೇ ಇದೆ. ಕೆಲಸ ನಿಧಾನವಾದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ 90%ರ ಮೇಲೆ ನಿಂತಿದೆಯಾ? ನಿಮಗೆ ಬೇಕಿರುವುದು ರ‍್ಯಾಮ್. ಡಿಸ್ಕ್ 100% ತೋರಿಸುತ್ತಿದೆಯಾ? ಎಸ್‌ಎಸ್‌ಡಿ. ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಸಿಪಿಯು ಪೂರ್ತಿ ಏರಿ ಅಲ್ಲೇ ಕೂತಿದ್ದರೆ ಪ್ರೊಸೆಸರ್. ಎಷ್ಟೋ ಜನ ಹೊಸ ಕಂಪ್ಯೂಟರಿಗೆ ಹೊರಡುತ್ತಾರೆ, ಹಳೆಯದರ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದರೆ ಸಾಕಾಗುತ್ತಿತ್ತು. ಈ ಪರೀಕ್ಷೆಗೆ ಹತ್ತು ನಿಮಿಷವೂ ಬೇಡ. ಬಿಡಬೇಡಿ.

ಬ್ರೌಸರ್, ಕಚೇರಿ ಕೆಲಸ, ಲೆಕ್ಕಪತ್ರ, ಆನ್‌ಲೈನ್ ಪಾಠ ಇಷ್ಟೇ ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಪ್ರೋಗ್ರಾಮಿಂಗ್ ಮಾಡುವವರು, ವರ್ಚುವಲ್ ಮೆಶಿನ್ ಓಡಿಸುವವರು ರ‍್ಯಾಮ್ ಮತ್ತು ಕೋರ್‌ಗಳಿಗೆ ಖರ್ಚು ಮಾಡಲಿ. ಗೇಮ್ ಆಡುವವರ ದುಡ್ಡಿನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಎಐ ಮಾಡೆಲ್‌ಗಳನ್ನು ಸ್ವಂತ ಕಂಪ್ಯೂಟರಿನಲ್ಲೇ ಓಡಿಸುವ ಆಸೆ ಇದ್ದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನೇ ಎಲ್ಲಕ್ಕಿಂತ ಮೊದಲು ನೋಡಿ.

ಹಂತ 2: ಪ್ರೊಸೆಸರ್, ಕೊನೆಯ ಅಕ್ಷರದವರೆಗೆ

ಇಂಟೆಲ್‌ನ "ಕೋರ್ ಐ5-14400ಎಫ್" ಹೆಸರನ್ನೇ ಬಿಡಿಸೋಣ. ಐ5 ಅಂದರೆ ದರ್ಜೆ. 14 ಅಂದರೆ ತಲೆಮಾರು. 400 ಅಂದರೆ ಆ ದರ್ಜೆಯೊಳಗಿನ ಸ್ಥಾನ. ಕೊನೆಯ ಎಫ್ ಅಂದರೆ ಇದರೊಳಗೆ ಗ್ರಾಫಿಕ್ಸ್ ಇಲ್ಲ. ಎಫ್ ಚಿಪ್ ತಂದು ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಕೆ ಇದ್ದರೆ ಓವರ್‌ಕ್ಲಾಕ್ ಮಾಡಬಹುದಾದ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಬಹುದಾದ ಚಿಪ್. ಇಂಥವುಗಳ ಜೊತೆ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ಈಚಿನ ಕೋರ್ ಅಲ್ಟ್ರಾ ಸರಣಿಯಲ್ಲೂ ಎಫ್, ಕೆ ಅಕ್ಷರಗಳಿಗೆ ಇದೇ ಅರ್ಥ.

ಎಎಂಡಿ ಕಡೆ ಸ್ವಲ್ಪ ಬೇರೆ. ರೈಜನ್ 5000 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಜಿ ಅಕ್ಷರ ಇದ್ದರೆ ಮಾತ್ರ ಗ್ರಾಫಿಕ್ಸ್ ಇರುತ್ತದೆ. 7000 ಮತ್ತು 9000 ಸರಣಿಯಲ್ಲಿ ಎಫ್ ಇಲ್ಲದವಕ್ಕೆಲ್ಲ ಸಣ್ಣದೊಂದು ಗ್ರಾಫಿಕ್ಸ್ ಇದೆ. ಪರದೆ ತೋರಿಸಲು ಸಾಕು, ಗೇಮ್‌ಗಲ್ಲ. ಎಕ್ಸ್3ಡಿ ಎಂದಿದ್ದರೆ ಚಿಪ್‌ನಲ್ಲಿ ಕ್ಯಾಶೆ, ಅಂದರೆ ಒಳಗಿನ ವೇಗದ ಮೆಮೊರಿ, ತುಂಬಾ ಜಾಸ್ತಿ. ಗೇಮ್‌ಗಳಿಗೆ ಇದರಿಂದ ಒಳ್ಳೆಯ ಲಾಭ. ಕಚೇರಿ ಕೆಲಸಕ್ಕೆ ಅದಕ್ಕೆಂದು ಹೆಚ್ಚು ದುಡ್ಡು ಕೊಡುವುದು ಸುಮ್ನೆ ದಂಡ.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕುವವರೂ ಸಾಧ್ಯವಾದರೆ ಒಳಗೆ ಗ್ರಾಫಿಕ್ಸ್ ಇರುವ ಚಿಪ್ಪನ್ನೇ ತೆಗೆದುಕೊಳ್ಳಿ. ಕಾರ್ಡ್ ಕೆಟ್ಟು ವಾರಂಟಿಗೆ ಹೋದ ದಿನ ಕಂಪ್ಯೂಟರ್ ಮೂಲೆ ಸೇರುವುದಿಲ್ಲ. ವಿಡಿಯೊ ಎಡಿಟಿಂಗ್ ಮಾಡುವವರಿಗೆ ಇಂಟೆಲ್ ಗ್ರಾಫಿಕ್ಸ್ ಒಳಗಿನ, ವಿಡಿಯೊ ಕೆಲಸ ಬೇಗ ಮುಗಿಸುವ ಕ್ವಿಕ್ ಸಿಂಕ್ ಕೂಡ ನೆರವಾಗುತ್ತದೆ.

ದರ್ಜೆಗಿಂತ ತಲೆಮಾರು ದೊಡ್ಡದು. 2022ರ ಐ3-12100ಕ್ಕೂ 2017ರ ಐ7-7700ಕೆಗೂ 4 ಕೋರ್, 8 ಥ್ರೆಡ್ (ಒಟ್ಟಿಗೆ ನಡೆಸಬಹುದಾದ ಕೆಲಸದ ಸಾಲು). ಹೆಚ್ಚಿನ ಕೆಲಸಗಳಲ್ಲಿ ಆ ಐ3 ಮುಂದಿರುತ್ತದೆ, ಅದೂ ಕಡಿಮೆ ಕರೆಂಟಿನಲ್ಲಿ. "ಐ7 ಇದೆ ಸಾರ್" ಎಂದು ಯಾರಾದರೂ ಹೇಳಿದರೆ ಯಾವ ವರ್ಷದ್ದು ಅಂತ ಕೇಳಿ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ದೊಡ್ಡ ಚಿಪ್‌ಗಳಿಗೆ ವೋಲ್ಟೇಜ್ ಹೆಚ್ಚಾಗಿ ಅಸ್ಥಿರವಾಗುವ ತೊಂದರೆ ಇತ್ತು. 2024ರಲ್ಲಿ ಕಂಪನಿ ಮೈಕ್ರೋಕೋಡ್ (ಚಿಪ್ ಒಳಗಿನ ಆದೇಶಗಳು) ತಿದ್ದುಪಡಿ ಕೊಟ್ಟು, ಅಂಥ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಇವನ್ನು ಕೊಳ್ಳುವುದಾದರೆ ಮೊದಲ ದಿನವೇ ಮದರ್‌ಬೋರ್ಡಿನ ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ.

ಹಂತ 3: ಮದರ್‌ಬೋರ್ಡ್

ಇಲ್ಲಿ ಮೊದಲ ಪ್ರಶ್ನೆ ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಇಂಟೆಲ್ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700. ಡೆಸ್ಕ್‌ಟಾಪಿನ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ರೈಜನ್ 5000ವರೆಗೆ ಎಎಂ4, 7000ದಿಂದ ಮುಂದೆ ಎಎಂ5. ಒಂದರದ್ದು ಇನ್ನೊಂದರಲ್ಲಿ ಕೂರುವುದಿಲ್ಲ.

ಸಾಕೆಟ್ ನೋಡುವಾಗ ಮುಂದೆ ಪ್ರೊಸೆಸರ್ ಬದಲಿಸುವ ದಾರಿ ಇದೆಯಾ ಅನ್ನುವುದನ್ನೂ ಯೋಚಿಸಿ. 2017ರಲ್ಲಿ ಕೊಂಡ ಎಎಂ4 ಬೋರ್ಡುಗಳಲ್ಲಿ ಎಷ್ಟೋ ಬೋರ್ಡುಗಳು ಬರೀ ಬಯಾಸ್ ಅಪ್‌ಡೇಟಿನಿಂದ 2022ರ ರೈಜನ್ 7 5800ಎಕ್ಸ್3ಡಿ ಚಿಪ್ಪನ್ನು ಹೊತ್ತವು. ಎಎಂ5 2022ರಲ್ಲಿ ಬಂತು, ಆಮೇಲೆ ಬಂದ 9000 ಸರಣಿಯೂ ಅದರಲ್ಲೇ ಕೂರುತ್ತದೆ.

ನಂತರ ಚಿಪ್‌ಸೆಟ್, ಅಂದರೆ ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್. ಬಹುತೇಕರಿಗೆ ಬಿ ಅಕ್ಷರದಿಂದ ಶುರುವಾಗುವ ಬಿ760, ಬಿ860, ಬಿ650, ಬಿ850 ಸಾಕು. ಇಂಟೆಲ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು ಝಡ್ ಸರಣಿ ಬೇಕು. ಅದನ್ನು ಮಾಡದವರಿಗೆ ಕೆ ಚಿಪ್ಪಿಗೂ ಝಡ್ ಬೋರ್ಡಿಗೂ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ.

ಒಂದು ಜಾಗದಲ್ಲಿ ತುಂಬಾ ಜನ ಎಡವುತ್ತಾರೆ. ಬಿ760 ಬೋರ್ಡುಗಳು ಡಿಡಿಆರ್4 ಮತ್ತು ಡಿಡಿಆರ್5 (ರ‍್ಯಾಮ್‌ನ ಎರಡು ತಲೆಮಾರು) ಎರಡೂ ಬಗೆಯಲ್ಲಿ ಬರುತ್ತವೆ. ಹೆಸರು ಹೆಚ್ಚುಕಡಿಮೆ ಒಂದೇ, ಕೊನೆಯಲ್ಲಿ ಡಿ4 ಎಂದೋ ಡಿಡಿಆರ್4 ಎಂದೋ ಸಣ್ಣದಾಗಿ ಇರುತ್ತದೆ. ಎರಡು ಬಗೆಯ ರ‍್ಯಾಮ್‌ಗೂ 288 ಪಿನ್, ಆದರೆ ಅಡಿಯಲ್ಲಿರುವ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಹಾಳಾಗುತ್ತದೆ. ಎಎಂ5 ಮತ್ತು ಎಲ್‌ಜಿಎ 1851ರಲ್ಲಿ ಈ ಗೊಂದಲ ಇಲ್ಲ, ಎರಡರಲ್ಲೂ ಡಿಡಿಆರ್5 ಮಾತ್ರ.

ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಸಿಪಿಯು ಬೆಂಬಲ ಪಟ್ಟಿ ಇರುತ್ತದೆ. ನಿಮ್ಮ ಚಿಪ್ ಹೆಸರಿನ ಮುಂದೆ ಯಾವ ಬಯಾಸ್ ಆವೃತ್ತಿಯಿಂದ ಕೆಲಸ ಮಾಡುತ್ತದೆ ಎಂದು ಬರೆದಿರುತ್ತಾರೆ. ಬೋರ್ಡ್ ಹಳೆಯದು, ಚಿಪ್ ಹೊಸದು ಆಗಿದ್ದರೆ ಮೊದಲ ಸಲ ಆನ್ ಆಗದೇ ಇರಬಹುದು. ಪ್ರೊಸೆಸರ್ ಇಲ್ಲದೆಯೂ ಪೆನ್ ಡ್ರೈವ್‌ನಿಂದ ಬಯಾಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಾದರೆ ಆ ಚಿಂತೆ ಇಲ್ಲ. ಹಾಗೆಯೇ ವೈಫೈ ಬೇಕಾ, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎಷ್ಟಿವೆ, ಹಿಂಬದಿಯಲ್ಲಿ ಯುಎಸ್‌ಬಿ ಎಷ್ಟಿವೆ ನೋಡಿಕೊಳ್ಳಿ. ದೊಡ್ಡ ಚಿಪ್ ಹಾಕುವುದಾದರೆ ಸಾಕೆಟ್ ಪಕ್ಕದ ವಿಆರ್‌ಎಂ (ಪ್ರೊಸೆಸರಿಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇರಲೇಬೇಕು.

ಹಂತ 4: ರ‍್ಯಾಮ್

ಸಾಮಾನ್ಯ ಕೆಲಸಕ್ಕೆ 16 ಜಿಬಿ. ಎಡಿಟಿಂಗ್, ಹೊಸ ಗೇಮ್, ಭಾರಿ ಪ್ರೋಗ್ರಾಮಿಂಗ್‌ಗೆ 32. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಎಂದು ಬರೆದಿದ್ದಾರೆ ನಿಜ, ಅದು ಆನ್ ಆಗಲು. ಕೆಲಸ ಮಾಡಲು ಅಲ್ಲ.

ಒಂದು 16 ಜಿಬಿ ಸ್ಟಿಕ್‌ಗಿಂತ ಎರಡು 8 ಜಿಬಿ ಒಳ್ಳೆಯದು. ಪ್ರೊಸೆಸರಿಗೂ ಮೆಮೊರಿಗೂ ನಡುವೆ ಎರಡು ಚಾನೆಲ್ ಇರುತ್ತವೆ, ಒಂದೇ ಸ್ಟಿಕ್ ಹಾಕಿದರೆ ಒಂದು ಖಾಲಿ ಬಿದ್ದಿರುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಇದರ ಪೆಟ್ಟು ಜೋರು, ಯಾಕೆಂದರೆ ಅದು ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಬೋರ್ಡಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ, ನೋಡಿ.

ವೇಗದ ಸಂಖ್ಯೆ ನೋಡಿ ಮರುಳಾಗಬೇಡಿ. ಪಕ್ಕದ ಸಿಎಲ್ ಅಂದರೆ ಉತ್ತರಕ್ಕೆ ಎಷ್ಟು ಸುತ್ತು ಕಾಯಬೇಕು ಅನ್ನುವ ಎಣಿಕೆ. ಡಿಡಿಆರ್4-3200 ಸಿಎಲ್16 ಮತ್ತು ಡಿಡಿಆರ್5-6000 ಸಿಎಲ್30 ಎರಡರಲ್ಲೂ ಮೊದಲ ಉತ್ತರ ಬರಲು ಹಿಡಿಯುವ ಸಮಯ ಲೆಕ್ಕ ಹಾಕಿದರೆ 10 ನ್ಯಾನೊಸೆಕೆಂಡೇ. ಡಿಡಿಆರ್5ರ ಲಾಭ ಇರುವುದು ಒಂದೇ ಹೊತ್ತಿಗೆ ಹೆಚ್ಚು ಡೇಟಾ ಸಾಗಿಸುವುದರಲ್ಲಿ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ವೇಗ ಇಳಿಯುತ್ತದೆ. ರೈಜನ್ 7000ಕ್ಕೆ ಎರಡು ಸ್ಟಿಕ್ ಇದ್ದಾಗ ಅಧಿಕೃತ ವೇಗ 5200, ನಾಲ್ಕಾದರೆ 3600. ಆದ್ದರಿಂದ ಮುಂದೆ 32 ಬೇಕಾಗಬಹುದು ಅನ್ನಿಸಿದರೆ ಈಗಲೇ 16ರ ಎರಡು ಸ್ಟಿಕ್ ಇರುವ ಕಿಟ್ ತೆಗೆದುಕೊಳ್ಳಿ.

ಹಂತ 5: ಎಸ್‌ಎಸ್‌ಡಿ

ವಿಂಡೋಸ್ ಹಾರ್ಡ್ ಡಿಸ್ಕಿನ ಮೇಲೆ ಇರಲೇಬಾರದು. ಇದರಲ್ಲಿ ರಾಜಿ ಬೇಡ. ಹಾರ್ಡ್ ಡಿಸ್ಕ್ ಹಳೆಯ ಫೋಟೊ, ವಿಡಿಯೊ, ಬ್ಯಾಕಪ್ ಇಡಲು ಇರಲಿ.

ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಅದಕ್ಕಿಂತ ವೇಗದ ಬಗೆಯಾದ ಎನ್‌ವಿಎಂಇಯಲ್ಲಿ ಪಿಸಿಐಇ (ಬೋರ್ಡಿಗೆ ಡೇಟಾ ಸಾಗುವ ದಾರಿ) 3.0 ಆದರೆ 3500, 4.0 ಆದರೆ 7000ದ ಆಸುಪಾಸು. ದಿನನಿತ್ಯದ ಬಳಕೆಯಲ್ಲಿ 3.0 ಮತ್ತು 5.0ರ ವ್ಯತ್ಯಾಸ ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಆ ಆಕಾರದಲ್ಲಿ ಸಾಟಾ ಕೂಡ ಬರುತ್ತದೆ, ಹಾಗಾಗಿ "ಎಂ.2 ಎಸ್‌ಎಸ್‌ಡಿ" ಎಂದಷ್ಟೇ ಬರೆದಿದ್ದರೆ ಎನ್‌ವಿಎಂಇ ಹೌದಾ ಅಂತ ಕೇಳಿ.

ವೇಗಕ್ಕಿಂತ ಒಳಗಿನ ಮೆಮೊರಿ ಬಗೆ ಮುಖ್ಯ. ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಇದ್ದರೆ ಒಳ್ಳೆಯದು. ನಾಲ್ಕು ಬಿಟ್ ಇಡುವ ಕ್ಯುಎಲ್‌ಸಿ ಅಗ್ಗ, ಆದರೆ ದೊಡ್ಡ ಫೈಲ್ ಬರೆಯುತ್ತಾ ಹೋದಂತೆ ಅದರ ವೇಗದ ಕ್ಯಾಶೆ ತುಂಬಿ ಏಕಾಏಕಿ ನಿಧಾನವಾಗುತ್ತದೆ. ಸಾಮರ್ಥ್ಯ 1 ಟಿಬಿ ಇರಲಿ. ವಿಂಡೋಸ್‌ನಲ್ಲಿ ಅದು 931 ಜಿಬಿ ಎಂದು ಕಾಣುತ್ತದೆ. ಎಣಿಸುವ ಲೆಕ್ಕ ಬೇರೆ ಅಷ್ಟೇ, ಮೋಸವಲ್ಲ.

ಹಂತ 6: ಗ್ರಾಫಿಕ್ಸ್ ಕಾರ್ಡ್

"4 ಜಿಬಿ ಕಾರ್ಡ್" ಅಂದರೆ ಮೆಮೊರಿ ಎಷ್ಟಿದೆ ಎಂದು ಹೇಳಿದ ಹಾಗೆ, ಕಾರ್ಡಿನ ತಾಕತ್ತು ಎಷ್ಟು ಎಂದಲ್ಲ. ಹೆಸರು ಒಂದೇ ಇದ್ದರೂ ಮೋಸ ಹೋಗಬಹುದು. ಎನ್‌ವಿಡಿಯಾದ ಜಿಟಿ 1030 ಮೊದಲು ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು, ಆಮೇಲೆ ಅದೇ ಹೆಸರಲ್ಲಿ ಡಿಡಿಆರ್4 ಜೊತೆ ಬಂತು. ಮೆಮೊರಿಯ ವೇಗ ಸೆಕೆಂಡಿಗೆ 48 ಜಿಬಿಯಿಂದ ಸುಮಾರು 17ಕ್ಕೆ ಬಿತ್ತು. ಪೆಟ್ಟಿಗೆ ನೋಡಿದವರಿಗೆ ಎರಡೂ 2 ಜಿಬಿಯ ಜಿಟಿ 1030. ಈಗ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಯಲ್ಲಿ ಸಿಗುತ್ತವೆ. ಬಿಲ್ಲಿನಲ್ಲಿ ಅದೂ ಬರೆದಿರಲಿ.

ಕಾರ್ಡ್ ಆರಿಸುವ ಮೊದಲು ಮಾನಿಟರ್ ತೀರ್ಮಾನ ಮಾಡಿ. 4ಕೆ ಪರದೆಯಲ್ಲಿ 1080ಪಿ (1920 x 1080 ಚುಕ್ಕಿ) ಪರದೆಗಿಂತ ನಾಲ್ಕು ಪಟ್ಟು ಚುಕ್ಕಿಗಳಿವೆ, ಅಷ್ಟನ್ನೂ ಕಾರ್ಡೇ ಬಿಡಿಸಬೇಕು. 1080ಪಿಯಲ್ಲಿ ಆಡುವವರಿಗೆ 8 ಜಿಬಿ ಈಗಲೂ ನಡೆಯುತ್ತದೆ, ಆದರೆ ಕೆಲವು ಹೊಸ ಗೇಮ್‌ಗಳಲ್ಲಿ ಸೆಟ್ಟಿಂಗ್ ಇಳಿಸಬೇಕಾಗುತ್ತದೆ. 1440ಪಿಗೆ 12 ಅಥವಾ 16 ಜಿಬಿ ನೋಡಿ. ಬ್ಲೆಂಡರ್ (3ಡಿ ಚಿತ್ರದ ಸಾಫ್ಟ್‌ವೇರ್) ಅಥವಾ ಎಐ ಕೆಲಸ ಮಾಡುವವರಿಗೆ ಎನ್‌ವಿಡಿಯಾದ ಕುಡಾ (ಲೆಕ್ಕವನ್ನು ಕಾರ್ಡಿನಿಂದಲೇ ಮಾಡಿಸುವ ವ್ಯವಸ್ಥೆ) ಬೆಂಬಲ ಇನ್ನೂ ಅನುಕೂಲ. ಬರೀ ಗೇಮ್ ಆದರೆ ಎಎಂಡಿ, ಇಂಟೆಲ್ ಕಾರ್ಡುಗಳನ್ನೂ ಪಕ್ಕಕ್ಕಿಟ್ಟು ಹೋಲಿಸಿ.

ಹಂತ 7: ಪವರ್ ಸಪ್ಲೈ, ಎಲ್ಲರೂ ಉಳಿತಾಯ ಮಾಡುವ ತಪ್ಪು ಜಾಗ

ಮೇಲೆ ಹೇಳಿದ ಎಲ್ಲ ಭಾಗಕ್ಕೂ ಕರೆಂಟ್ ಇದರಿಂದಲೇ ಹೋಗುತ್ತದೆ. ಕಳಪೆ ಪವರ್ ಸಪ್ಲೈ ಕೆಟ್ಟರೆ ತಾನೊಂದೇ ಹೋಗುವುದಿಲ್ಲ, ಬೋರ್ಡು, ಕಾರ್ಡು, ಡಿಸ್ಕುಗಳನ್ನೂ ಜೊತೆಗೆ ಒಯ್ಯಬಹುದು. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ ಹೆಸರಿಲ್ಲದ ಸಪ್ಲೈಗಳ ಬಗ್ಗೆ ನನಗೆ ತುಂಬಾ ಭಯ. ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಿಯಾದರೂ ಸರಿ, ಇದನ್ನು ಒಳ್ಳೆಯದು ತನ್ನಿ.

ಮೈಮೇಲಿನ ಸ್ಟಿಕ್ಕರ್ ಓದುವುದು ಕಷ್ಟವಲ್ಲ. ಪಕ್ಕಕ್ಕೆ ತಿರುಗಿಸಿದರೆ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ +12ವಿ ಎಂಬ ಕಾಲಂ ಹುಡುಕಿ, ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. 45 ಆಂಪಿಯರ್ ಇದ್ದರೆ 540 ವ್ಯಾಟ್. ಅದು 550 ವ್ಯಾಟ್ ಸಪ್ಲೈ ಆಗಿದ್ದರೆ ಸರಿಯಾಗಿದೆ. ಪೆಟ್ಟಿಗೆಯ ಮೇಲೆ 500 ಎಂದಿದ್ದು ಇಲ್ಲಿ 25 ಆಂಪಿಯರ್ ಅಷ್ಟೇ ಇದ್ದರೆ ನಿಮಗೆ ಸಿಗುವುದು 300. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಈ 12 ವೋಲ್ಟಿನಿಂದಲೇ ಬದುಕುತ್ತವೆ, ಉಳಿದ ಅಂಕಿ ಲೆಕ್ಕಕ್ಕೆ ಬರುವುದಿಲ್ಲ.

ಎಷ್ಟು ವ್ಯಾಟ್ ಬೇಕು? ಐ5-14400ಎಫ್ ಜೋರಾಗಿ ಓಡುವಾಗ 148 ವ್ಯಾಟ್‌ವರೆಗೆ ಹೋಗಬಹುದು. ಆರ್‌ಟಿಎಕ್ಸ್ 5060ಕ್ಕೆ 145. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನುಗಳಿಗೆ 60 ಹಿಡಿಯಿರಿ. ಒಟ್ಟು ಸುಮಾರು 350. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರಕ್ಕೆ ಇದಕ್ಕಿಂತ ಮೇಲೆ ಜಿಗಿಯುತ್ತವೆ, ಆದ್ದರಿಂದ ಒಳ್ಳೆಯ 550 ವ್ಯಾಟ್ ಇರಲಿ. ಮುಂದೆ ಕಾರ್ಡ್ ಬದಲಿಸುವ ಯೋಚನೆ ಇದ್ದರೆ 650 ಅಥವಾ 750.

80 ಪ್ಲಸ್ ಮುದ್ರೆ ಹೇಳುವುದು ಕರೆಂಟ್ ಎಷ್ಟು ವ್ಯರ್ಥವಾಗುತ್ತದೆ ಅನ್ನುವುದನ್ನು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಬ್ರಾಂಜ್‌ಗೆ 85%, ಗೋಲ್ಡ್‌ಗೆ 90% ದಕ್ಷತೆ ಬೇಕು. ಗುಣಮಟ್ಟಕ್ಕೆ ಅದೊಂದೇ ಸಾಕ್ಷಿಯಲ್ಲ. ಓವರ್ ಕರೆಂಟ್, ಓವರ್ ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯಾ, ವಾರಂಟಿ ಎಷ್ಟು ವರ್ಷ ನೋಡಿ. ಒಳ್ಳೆಯವಕ್ಕೆ 5ರಿಂದ 10 ವರ್ಷ ಕೊಡುತ್ತಾರೆ.

ಕೇಬಲ್ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಸಪ್ಲೈ ಕೊಂಡರೆ ಒಂದು ಎಚ್ಚರಿಕೆ. ಒಂದರ ಕೇಬಲನ್ನು ಇನ್ನೊಂದಕ್ಕೆ ಹಾಕಲೇಬೇಡಿ. ಸಪ್ಲೈ ಕಡೆಯ ತುದಿ ನೋಡಲು ಒಂದೇ ಥರ ಇದ್ದರೂ ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಡಿಸ್ಕ್ ಆ ಕ್ಷಣವೇ ಸುಟ್ಟುಹೋಗುತ್ತದೆ, ಜೊತೆಗೆ ಅದರಲ್ಲಿದ್ದ ಫೋಟೊಗಳೂ.

ಹಂತ 8: ಕೂಲರ್ ಮತ್ತು ಕ್ಯಾಬಿನೆಟ್

ಪ್ರೊಸೆಸರ್ ಮೇಲೆ ಬರೆದ 65 ವ್ಯಾಟ್ ನೋಡಿ ಕೂಲರ್ ಆರಿಸಬೇಡಿ. ಎಎಂಡಿಯ 65 ವ್ಯಾಟ್ ಚಿಪ್ 88 ವ್ಯಾಟ್‌ವರೆಗೆ ಎಳೆಯುತ್ತದೆ, 105ರದ್ದು 142ರವರೆಗೆ. ಸಣ್ಣ ಚಿಪ್‌ಗೆ ಪೆಟ್ಟಿಗೆಯಲ್ಲಿ ಬರುವ ಕೂಲರ್ ಸಾಕು. ಅದಕ್ಕಿಂತ ಮೇಲಿನ ಬಹುತೇಕ ಚಿಪ್‌ಗಳಿಗೆ ಒಳ್ಳೆಯ ಟವರ್ ಕೂಲರ್ ಹಾಕಿ. ನೀರಿನ ಕೂಲರ್ ಬೇಕಾಗುವುದು ತೀರಾ ದೊಡ್ಡ ಚಿಪ್‌ಗಳಿಗೆ.

ಕ್ಯಾಬಿನೆಟ್ ವಿಷಯದಲ್ಲಿ ಮೂರು ಅಳತೆ ಹೊಂದಬೇಕು: ಬೋರ್ಡಿನ ಗಾತ್ರ, ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರಿನ ಎತ್ತರ. ಎಟಿಎಕ್ಸ್ ಬೋರ್ಡ್ 305 x 244 ಮಿ.ಮೀ., ಮೈಕ್ರೊ ಎಟಿಎಕ್ಸ್ 244 x 244. ಮುಂಭಾಗ ಪೂರ್ತಿ ಗಾಜಿನದಾದರೆ ನೋಡಲು ಚೆಂದ, ಆದರೆ ಗಾಳಿ ಎಲ್ಲಿಂದ ಬರಬೇಕು? ಜಾಲರಿ ಇರುವುದನ್ನೇ ತೆಗೆದುಕೊಳ್ಳಿ. ಧೂಳಿನ ಫಿಲ್ಟರ್ ಕೈಯಲ್ಲಿ ಎಳೆದರೆ ಬರುವಂತಿದ್ದರೆ ತೊಳೆಯಲು ಸುಲಭ.

ಹಂತ 9: ಮಾನಿಟರ್

ದಿನವಿಡೀ ನೋಡುವುದು ಇದನ್ನೇ ಅಲ್ವಾ. 24 ಇಂಚಿಗೆ 1080ಪಿ ಸರಿ. 27 ಇಂಚಿಗೆ 1080ಪಿ ಹಾಕಿದರೆ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ, ಅದಕ್ಕೆ 1440ಪಿ ಬೇಕು. ಬಣ್ಣದ ಕೆಲಸ ಮಾಡುವವರು ಬಣ್ಣ ಚೆನ್ನಾಗಿ ತೋರಿಸುವ ಐಪಿಎಸ್ ಬಗೆಯ ಪರದೆ ನೋಡಿ.

ಹಂತ 10: ಆರ್ಡರ್ ಕೊಡುವ ಮುನ್ನ, ಮನೆಗೆ ಬಂದ ಮೇಲೆ

ಎಲ್ಲ ಪೂರ್ತಿ ಹೆಸರುಗಳನ್ನು ಒಂದೇ ಹಾಳೆಯಲ್ಲಿ ಬರೆದು ಕೊನೆಯ ಸಲ ತಾಳೆ ನೋಡಿ. ಸಾಕೆಟ್ ಒಂದೇನಾ? ರ‍್ಯಾಮ್ ಬಗೆ ಬೋರ್ಡಿಗೆ ಹೊಂದುತ್ತದಾ? ಎಫ್ ಚಿಪ್ ಆಗಿದ್ದರೆ ಕಾರ್ಡ್ ಇದೆಯಾ? ಕಾರ್ಡಿಗೆ ಬೇಕಾದ ಕನೆಕ್ಟರ್ ಸಪ್ಲೈನಲ್ಲಿ ಇದೆಯಾ? ಬಿಲ್ಲಿನಲ್ಲೂ ಇದೇ ಹೆಸರುಗಳು ಇರಬೇಕು, ಸೀರಿಯಲ್ ನಂಬರ್ ಸಮೇತ. ಪೆಟ್ಟಿಗೆಗಳನ್ನು ಎಸೆಯಬೇಡಿ.

ಜೋಡಿಸಿ ಆನ್ ಮಾಡಿದ ಮೇಲೆ ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯಾ ನೋಡಿ. ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ "ಕಾರ್ಡ್ ಕೆಲಸ ಮಾಡ್ತಿಲ್ಲ" ಅನ್ನುವವರು ತುಂಬಾ ಜನ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎರಡೂ ಕಾಣುತ್ತದೆ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಕೊಂಡಿದ್ದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದನ್ನು ನೀವೇ ಆರಿಸಬೇಕಾಗಬಹುದು.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಎಂದು ನೋಡಿ. ಹೊಸದಾದರೆ ಬೆರಳೆಣಿಕೆಯಷ್ಟು ಇರುತ್ತದೆ, ಸಾವಿರಾರು ಗಂಟೆ ತೋರಿಸಿದರೆ ಅದು ಬಳಸಿದ್ದು. ಜಿಪಿಯು-ಝಡ್ ಗ್ರಾಫಿಕ್ಸ್ ಕಾರ್ಡಿನ ಚಿಪ್, ಮೆಮೊರಿಯ ಬಗೆ, ಪ್ರಮಾಣ ತೋರಿಸುತ್ತದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಿ, ಒಂದೇ ಒಂದು ತಪ್ಪು ಬಂದರೂ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ ಓಡಿಸಿ, ಆಗಲೂ ಬಂದರೆ ರ‍್ಯಾಮ್ ವಾಪಸ್ ಕೊಡಿ. ಇಷ್ಟನ್ನೂ ವಾಪಸ್ ಪಡೆಯುವ ಗಡುವು ಮುಗಿಯುವ ಮೊದಲೇ ಮಾಡಿ ಮುಗಿಸಿ.